ಹೊನ್ನವ್ವನ ಮೂವತ್ತೊಂದು ಕೌದಿ

ಬ್ಯಾಡಗಿಯ ಹೊನ್ನವ್ವ ತೀರಿಕೊಂಡ ಹದಿಮೂರನೆಯ ದಿನ ಕರಬಸಪ್ಪ ಮಾಸ್ತರರು ರಾಣೆಬೆನ್ನೂರಿಗೆ ಬಂದರು. ಆಕೆಯ ಒಬ್ಬಳೇ ಮಗಳು ನಿರ್ಮಲಾಳ ಮನೆಯ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಬರುವ ರವಿವಾರ ಬ್ಯಾಡಗಿಯಲ್ಲಿ ನುಡಿನಮನ ಇಟ್ಟುಕೊಂಡಿದ್ದೇವೆ ಎಂದು ಹೇಳಿದರು. ಮಹಿಳಾ ಮಂಡಳದವರು, ಅಲ್ಲಿಯ ದವಾಖಾನೆಯ ಸಿಸ್ಟರುಗಳು, ಪೇಟೆಯ ನಾಲ್ಕು ಮಂದಿ ಹಿರಿಯರು ಎಲ್ಲರೂ ಬರುವವರಿದ್ದರು. ಮಾಸ್ತರರು ಅಷ್ಟು ಹೇಳಿ ಎದ್ದು ಹೋಗಿದ್ದರೆ ಅವರಿಗೆ ಪುಣ್ಯ ಬರುತ್ತಿತ್ತು. ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತು ಹೇಳಿದರು. ಕಣ್ಣು ಹೋದ ಮೇಲೂ ಹೊನ್ನವ್ವ ಈ ಊರಿನ ದವಾಖಾನೆಯ ಕೂಸುಗಳಿಗೆ ಮೂವತ್ತೊಂದು ಕೌದಿ ಹೊಲಿದಳಲ್ಲ, ಅದರಲ್ಲಿ ಒಂದಾದರೂ ಮನೆಯಲ್ಲಿ ಉಳಿದಿದ್ದರೆ ತಗೊಂಡು ಬಾ, ಫೋಟೋದ ಮುಂದೆ ಹಾಸೋಣ ಎಂದರು.

ನಿರ್ಮಲಾ ಆಗಲಿ ಎಂದಳು. ಬೇರೆ ಏನು ಹೇಳಬೇಕಿತ್ತು? ಮೂವತ್ತೊಂದು ಎಂಬ ಆ ಲೆಕ್ಕವನ್ನು ಮಣ್ಣಿಗೆ ಬಂದವರ ಮುಂದೆ ಅಳುತ್ತ ಅಳುತ್ತ ಹೇಳಿದವಳು ಅವಳೇ. ಖರೇ ಸಂಗತಿ ಏನೆಂದರೆ, ಆ ಮೂವತ್ತೊಂದರಲ್ಲಿ ಒಂದು ಕೌದಿಯೂ ಇರಲಿಲ್ಲ. ಮನೆಯಲ್ಲೂ ಇರಲಿಲ್ಲ, ದವಾಖಾನೆಯಲ್ಲೂ ಇರಲಿಲ್ಲ, ಈ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಅದು ಹೇಗೆ ಎಂದು ಹೇಳಬೇಕಾದರೆ ಮೊದಲು ಹೊನ್ನವ್ವ ಎಂಥವಳು ಎಂದು ಹೇಳಬೇಕು. ಅವಳ ಗಂಡ ಅಂದಾನೆಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುತ್ತಿದ್ದ. ಮಗಳಿಗೆ ಆರು ತುಂಬುವುದರೊಳಗೆ ತೀರಿಹೋದ. ಅಂದಿನಿಂದ ಹೊನ್ನವ್ವ ಹಗಲೆಲ್ಲ ಪೇಟೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವಳು, ಸಂಜೆ ಮನೆಯ ಕಟ್ಟೆಯ ಮೇಲೆ ಕೌದಿ ಹರವಿಕೊಳ್ಳುವಳು. ಹಳೆಯ ಸೀರೆಗಳನ್ನು ನಾಲ್ಕು ಪದರ ಹಾಸಿ, ಅಂಚಿನಿಂದ ಹೊಲಿಗೆ ಹಿಡಿದಳೆಂದರೆ ಸುತ್ತಿ ಸುತ್ತಿ ನಟ್ಟನಡುವೆ ಬಂದೇ ನಿಲ್ಲಬೇಕು. ಹೊಲಿಗೆಯ ಒಂದೊಂದು ಟಾಕಿಯೂ ಜೋಳದ ಕಾಳಿನಷ್ಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಣ್ಣದ ಹುಚ್ಚು ಬೇರೆ. ಮದುವೆಯ ಹಂದರಕ್ಕೆ ಹೋದರೆ ಅಕ್ಷತೆ ಹಾಕುವ ಮೊದಲು ಹೆಂಗಸರ ಸೀರೆ ನೋಡುವಳು. ಈ ಹಸಿರು ಹಳೆಯದಾದ ಮೇಲೆ ನನಗೇ ಕೊಡಬೇಕು ನೋಡು ಎಂದು ಹೊಸ ಸೀರೆ ಉಟ್ಟು ನಿಂತ ಬೀಗಿತ್ತಿಗೇ ಹೇಳಿ ಬೈಸಿಕೊಂಡಿದ್ದಳು.

ಅಷ್ಟೇ ಆಗಿದ್ದರೆ ಕೈಕೆಲಸದ ಹೆಂಗಸು ಎನ್ನಬಹುದಿತ್ತು. ಊರ ಉಸಾಬರಿಯೆಲ್ಲ ಅವಳಿಗೇ ಬೇಕು. ಸರಕಾರಿ ದವಾಖಾನೆಯಲ್ಲಿ ಹೇಳುವವರು ಕೇಳುವವರು ಇಲ್ಲದ ಬಾಣಂತಿ ಇದ್ದರೆ ಗಂಜಿ ಒಯ್ಯುವವಳು ಹೊನ್ನವ್ವ. ಪೋಲಿಯೊ ರವಿವಾರ ಬಂದರೆ ಹನಿಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಸುತ್ತುವವಳು ಹೊನ್ನವ್ವ. ಹುಟ್ಟಿದ ಕೂಸಿಗೆ ಮೊಳ ಬಟ್ಟೆ ಇಲ್ಲವೆಂದು ಕಿವಿಗೆ ಬಿದ್ದರೆ ಮೂರನೆಯ ದಿನಕ್ಕೆ ಪುಟ್ಟದೊಂದು ಕೌದಿ ತಯಾರು. ಯಾರೂ ಮಾಡು ಎಂದವರಿಲ್ಲ, ಯಾರೂ ಒಂದು ಪೈಸೆ ಕೊಟ್ಟವರಿಲ್ಲ. ಬ್ಯಾಡಗಿಯಲ್ಲಿ ಈಗ ಮೀಸೆ ತಿರುವುವ ಎಷ್ಟೋ ಗಂಡಸರು ಮೊದಲು ಮಲಗಿದ್ದು ಹೊನ್ನವ್ವನ ಕೌದಿಯ ಮೇಲೆ.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ನಿರ್ಮಲಾಳಿಗೆ ತನ್ನ ಅವ್ವ ಅಂಥವಳು. ಅದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಚೊಚ್ಚಲ ಬಾಣಂತನಕ್ಕೆಂದು ನಿರ್ಮಲಾ ತವರಿಗೆ ಬಂದಿದ್ದಳು. ನೋವು ಕಾಣಿಸಿಕೊಂಡ ದಿನವೇ ಅದೇ ಓಣಿಯ ಚೌಡವ್ವನ ಸೊಸೆಗೂ ನೋವು ಹತ್ತಿತು. ಕೂಸು ಅಡ್ಡ ತಿರುಗಿದೆ, ಹಾವೇರಿಗೇ ಒಯ್ಯಬೇಕು ಎಂದರು. ಗಾಡಿ ಸಿಗಲಿಲ್ಲ. ಹೊನ್ನವ್ವ ಮೆಣಸಿನಕಾಯಿ ಚೀಲ ಹೇರಿದ್ದ ಟ್ರ್ಯಾಕ್ಟರಿನ ಮೇಲೆ ಆ ಸೊಸೆಯನ್ನು ಏರಿಸಿಕೊಂಡು ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಎಲ್ಲರೂ ಸೀನಿದ್ದೇ ಸೀನಿದ್ದು. ಆ ಸೀನಿನ ರಭಸಕ್ಕೋ ಏನೋ ಕೂಸು ಮೋಟೆಬೆನ್ನೂರು ದಾಟುವುದರೊಳಗೇ ಹೊರಗೆ ಬಂತು. ಆ ಹುಡುಗನನ್ನು ಓಣಿಯವರು ಇಂದಿಗೂ ಖಾರಪ್ಪ ಎಂದೇ ಕರೆಯುತ್ತಾರೆ. ಎಲ್ಲರಿಗೂ ಅದು ನಗೆಯ ಮಾತು. ಇತ್ತ ನಿರ್ಮಲಾ ಪಕ್ಕದ ಮನೆಯ ಅಮೀರಬಿಯ ಕೈ ಹಿಡಿದುಕೊಂಡು ಚೀರುತ್ತ ಮೇಘಾಳನ್ನು ಹೆತ್ತಳು. ಅವ್ವ ಬಂದು ಮೊಮ್ಮಗಳ ಮುಖ ನೋಡಿದ್ದು ಮರುದಿನ ಮಧ್ಯಾಹ್ನ. ಹದಿನೆಂಟು ವರ್ಷವಾದರೂ ನಿರ್ಮಲಾ ಇದನ್ನು ಮರೆಯಲಿಲ್ಲ. ಬಾಯಿಬಿಟ್ಟು ಹೇಳಲೂ ಇಲ್ಲ.

ಮುಂದೆ ಹೊನ್ನವ್ವನಿಗೆ ಸಕ್ಕರೆ ಕಾಯಿಲೆ ಬಂತು. ಅದು ಮೊದಲು ಕಣ್ಣು ತಿಂದಿತು, ಆಮೇಲೆ ಬೆರಳಿನ ತುದಿಯ ಸ್ಪರ್ಶವನ್ನೂ ತಿಂದಿತು. ಎರಡು ಸಾವಿರದ ಐದರ ದೀಪಾವಳಿ ಮುಗಿಸಿ ನಿರ್ಮಲಾ ಅವ್ವನನ್ನು ರಾಣೆಬೆನ್ನೂರಿಗೆ ಕರೆತಂದಳು. ಗಂಡ ಸಿದ್ದಲಿಂಗಪ್ಪನದು ಬೀಜದ ಅಂಗಡಿ, ಮನೆಗೆ ಬರುವವರು ಹೋಗುವವರು ಜಾಸ್ತಿ. ಅತ್ತೆಯನ್ನು ಬೇಡ ಎನ್ನುವಂಥ ಮನುಷ್ಯ ಅವನಲ್ಲ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಿದರು. ಹೊನ್ನವ್ವ ಕೇಳಿದ್ದು ಒಂದೇ: ಕೂಸಿನ ಕೌದಿಗೆ ಬೇಕಾದಷ್ಟು ಹಳೆ ಬಟ್ಟೆ ಮತ್ತು ದಾರ ಪೋಣಿಸಿದ ಸೂಜಿ.

ಕೈಗೆ ಅಭ್ಯಾಸ ಹೇಗಿತ್ತೆಂದರೆ, ಕಣ್ಣಿಲ್ಲದೆ, ಬೆರಳಿಗೆ ಸ್ಪರ್ಶವಿಲ್ಲದೆ, ಆ ಹೊಲಿಗೆ ಸುಮಾರಾಗಿ ನೆಟ್ಟಗೇ ಹೋಗುತ್ತಿತ್ತು. ತಾಪತ್ರಯವೆಲ್ಲ ದಾರದ್ದು. ಒಂದು ಮಾರು ದಾರ ಎಷ್ಟು ಹೊತ್ತು ಬಾಳೀತು? ಮುಗಿದ ಕೂಡಲೇ ಹಿಂದಿನ ಕೋಣೆಯಿಂದ ದನಿ ಬರುವುದು, "ಯವ್ವಾ ನಿರ್ಮಲಾ, ದಾರಬೇ." ಬೆಳಿಗ್ಗೆಯೇ ಹತ್ತು ಸೂಜಿ ಪೋಣಿಸಿ ಬಟ್ಟೆಗೆ ಚುಚ್ಚಿ ಇಟ್ಟರೂ ಹನ್ನೊಂದಕ್ಕೆ ಹತ್ತೂ ಖಾಲಿ. ರೊಟ್ಟಿ ತಟ್ಟುವಾಗ ದಾರ, ಬಟ್ಟೆ ಒಗೆಯುವಾಗ ದಾರ, ಕಣ್ಣು ಹತ್ತಿತು ಅನ್ನುವಾಗ ದಾರ. ನಿರ್ಮಲಾ ನಾಲ್ಕು ತಿಂಗಳು ಪೋಣಿಸಿದಳು; ಆಗ ಹೊಲಿದ ಕೌದಿಗಳು ಖರೇನೇ ರಾಣೆಬೆನ್ನೂರಿನ ದವಾಖಾನೆಗೆ ಹೋದವು, ಮೂವತ್ತೊಂದರ ಲೆಕ್ಕ ಅವುಗಳ ಆಚೆಯದು. ಇದನ್ನು ಹೇಳಲೇಬೇಕು, ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ.

ಫಾಲ್ಗುಣದ ಒಂದು ದಿನ ಅಂಗಡಿಗೆ ಸಂಬಂಧಪಟ್ಟ ಆರು ಮಂದಿ ಊಟಕ್ಕೆ ಬರುವವರಿದ್ದರು. ಒಲೆಯ ಮೇಲೆ ಹೂರಣ, ಕೈಯೆಲ್ಲ ಕಣಕ. ಹಿಂದಿನ ಕೋಣೆಯಿಂದ ಮೂರು ಸಲ ಕರೆ ಬಂತು. ನಾಲ್ಕನೆಯ ಸಲಕ್ಕೆ ನಿರ್ಮಲಾ ಧಡಧಡ ಹೋಗಿ ಖಾಲಿ ಸೂಜಿಗಳನ್ನು ಹಾಗೆಯೇ ಬಟ್ಟೆಗೆ ಚುಚ್ಚಿ, ಒಂದನ್ನು ಅವ್ವನ ಕೈಗೆ ಕೊಟ್ಟು, "ತಗೋ, ದಾರ ಹಾಕೇನಿ," ಎಂದಳು. ಊಟದ ಗದ್ದಲ ಮುಗಿಯುವವರೆಗೆ ಸುಮ್ಮನಿದ್ದರೆ ಸಾಕು ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು. ಹೊನ್ನವ್ವ ಸೂಜಿ ತೆಗೆದುಕೊಂಡಳು. ನಾಲ್ಕು ಟಾಕಿ ಹಾಕಿದಳು, ಒಂದು ಕ್ಷಣ ತಡೆದಳು, ಮತ್ತೆ ಹೊಲಿಯತೊಡಗಿದಳು. ಅಂದು ಸಂಜೆಯವರೆಗೆ ಕರೆಯಲಿಲ್ಲ.

ಮರುದಿನವೂ ಕರೆಯಲಿಲ್ಲ.

ಮನುಷ್ಯನಿಗೆ ಸುಖ ರೂಢಿಯಾಗಲು ಎಷ್ಟು ಹೊತ್ತು ಬೇಕು? ಮೂರನೆಯ ದಿನಕ್ಕೆ ನಿರ್ಮಲಾ ದಾರದ ಉಂಡೆಯನ್ನು ಕಪಾಟಿನಲ್ಲಿಟ್ಟಳು. ಬೆರಳಿಗೆ ಏನೂ ತಿಳಿಯುವುದಿಲ್ಲ ಎಂದು ಡಾಕ್ಟರರೇ ಹೇಳಿದ್ದರು, ಕಾದ ಚಹಾದ ಲೋಟ ಹಿಡಿದು ಬೊಬ್ಬೆ ಬಂದದ್ದೂ ಅವ್ವನಿಗೆ ತಿಳಿದಿರಲಿಲ್ಲ. ಅಂದಮೇಲೆ ಸೂಜಿಯಲ್ಲಿ ದಾರ ಇದ್ದರೇನು, ಇಲ್ಲದಿದ್ದರೇನು? ಕೈ ಆಡುತ್ತದೆ, ಹೊತ್ತು ಹೋಗುತ್ತದೆ. ಇದನ್ನು ನಿರ್ಮಲಾ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಸರಿಯಾದ ಕೆಲಸವಾಗಿದ್ದರೆ ಒಂದೇ ಸಲ ಸಾಕಾಗುತ್ತಿತ್ತು.

ಹತ್ತು ಹನ್ನೊಂದು ದಿನಕ್ಕೊಮ್ಮೆ ಹೊನ್ನವ್ವ ಸೂಜಿ ಇಟ್ಟು, ಇದು ಮುಗಿಯಿತು, ದವಾಖಾನೆಗೆ ಕಳಿಸು ಎನ್ನುವಳು. ನಿರ್ಮಲಾ ಅದನ್ನು ಒಯ್ದು, ಮರುದಿನ ಅದೇ ಬಟ್ಟೆಯನ್ನೇ ಹೊಸದೆಂದು ತಂದು ತೊಡೆಯ ಮೇಲೆ ಹಾಕುವಳು. ನಾಲ್ಕು ಮೂಲೆಗೆ ನಿರ್ಮಲಾಳೇ ಹಾಕಿದ ನಾಲ್ಕು ದೊಡ್ಡ ಟಾಕಿಗಳ ಮೇಲೆ ನಿಂತಿದ್ದ ಒಂದೇ ಒಂದು ಬಟ್ಟೆ ಅದು. ಹನ್ನೊಂದು ತಿಂಗಳು ಅದೇ ಹೋಯಿತು, ಅದೇ ಬಂತು.

ಊಟದ ತಾಟು ತಂದಾಗ ಹೊನ್ನವ್ವ ಕೇಳುವಳು, ಕಳಿಸಿದ ಕೌದಿ ಯಾವ ಕೂಸಿಗೆ ಹೋಯಿತು, ಗಂಡೋ ಹೆಣ್ಣೋ ಎಂದು. ಮೊದಲ ಸಲ ನಿರ್ಮಲಾ ತಡಬಡಿಸಿದಳು. ಆಮೇಲೆ ಸುಳ್ಳು ಕೈಹತ್ತಿತು. ಕುಪ್ಪೇಲೂರಿನವಳಿಗೆ ಗಂಡು, ತಲೆತುಂಬ ಕೂದಲು. ಹೊಸರಿತ್ತಿಯವಳಿಗೆ ಅವಳಿ ಜವಳಿ, ಒಂದೇ ಕೌದಿಯಲ್ಲಿ ಎರಡನ್ನೂ ಸುತ್ತಿದರಂತೆ. ಇನ್ನೊಂದು ಹೆಣ್ಣು ಕೂಸಿಗೆ ಮೂಗು ಎಷ್ಟು ಉದ್ದವೆಂದರೆ ಅವರ ಅಜ್ಜ ಅಳುತ್ತಿದ್ದನಂತೆ. ಹೊನ್ನವ್ವ ನಗುವಳು. ಮೂಗಿಗೆ ಎಣ್ಣೆ ಹಚ್ಚಿ ತೀಡಬೇಕು, ಹೇಳಿ ಕಳಿಸು ಎನ್ನುವಳು. ಒಮ್ಮೊಮ್ಮೆ ನಿರ್ಮಲಾ ಹಾಸಿಗೆಯ ಅಂಚಿಗೆ ಕುಳಿತು ಹೇಳುತ್ತ ತಾನೂ ನಕ್ಕುಬಿಡುವಳು.

ತಿಂಗಳಿಗೊಮ್ಮೆ ಅಮೀರಬಿ ಬ್ಯಾಡಗಿಯ ಬಸ್ಸಿಗೆ ಬಂದು ಗೆಳತಿಯನ್ನು ಮಾತಾಡಿಸಿ ಹೋಗುತ್ತಿದ್ದಳು. ಅವಳು ಬರುವ ದಿನ ನಿರ್ಮಲಾ ಆ ಬಟ್ಟೆಯನ್ನೂ ಸೂಜಿಗಳನ್ನೂ ಎತ್ತಿಡುವಳು. ಇಬ್ಬರೂ ಮುದುಕಿಯರು ಬಾಗಿಲು ಓರೆ ಮಾಡಿಕೊಂಡು ಏನೋ ಗುಸುಗುಸು ಎನ್ನುತ್ತಿದ್ದರೆ ನಿರ್ಮಲಾ ಪಡಸಾಲೆಯಲ್ಲಿ ಒಂದು ನಿದ್ದೆ ತೆಗೆಯುವಳು.

ಎರಡು ಸಾವಿರದ ಏಳರ ಸಂಕ್ರಾಂತಿ ಆಗಿ ಎರಡು ವಾರಕ್ಕೆ ಹೊನ್ನವ್ವನಿಗೆ ಜ್ವರ ಬಂತು. ನಾಲ್ಕನೆಯ ದಿನ, ಆ ಉದ್ದ ಮೂಗಿನ ಕೂಸು ಹೇಗಿದೆ ಎಂದು ಕೇಳಿದಳು. ಆರಾಮ ಇದೆ, ಕೂರುತ್ತದೆ ಎಂದಳು ನಿರ್ಮಲಾ. ಸಂಜೆಗೆ ಜೀವ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ನಿರ್ಮಲಾಳಿಗೆ ಅನ್ನ ಇಳಿಯಲಿಲ್ಲ. ಏನು ಮಾಡಿಬಿಟ್ಟೆ ಎಂಬ ಮಾತು ಎದೆಯಲ್ಲಿ ಹೊಕ್ಕು ಕುಳಿತಿತ್ತು. ಅದಕ್ಕೆ ಅವಳ ಹತ್ತಿರ ಒಂದೇ ಉತ್ತರ: ಅವ್ವನಿಗೆ ಗೊತ್ತಾಗಲಿಲ್ಲ. ಊರ ಕೂಸುಗಳಿಗೆಲ್ಲ ಕೌದಿ ಹೊಲಿದೆನೆಂಬ ಸಮಾಧಾನದಿಂದಲೇ ಅವ್ವ ಹೋದಳು. ಪಾಪ ಏನಿದ್ದರೂ ತನ್ನ ತಲೆಗೆ, ನೋವು ಅವ್ವನಿಗೆ ಮುಟ್ಟಲಿಲ್ಲ. ಈ ಒಂದು ಮಾತು ಗಟ್ಟಿಯಾಗಿ ಇದ್ದದ್ದರಿಂದ ಅವಳು ಎದ್ದು ಓಡಾಡುತ್ತಿದ್ದಳು. ಅದೂ ಇಲ್ಲದಿದ್ದರೆ ನೆಲ ಹಿಡಿಯುತ್ತಿದ್ದಳು.

ಈಗ ಮಾಸ್ತರರು ಕೌದಿ ಕೇಳಿ ಹೋಗಿದ್ದರು. ನಿರ್ಮಲಾ ಆ ಬಟ್ಟೆಯನ್ನು ತೆಗೆದಳು. ಹನ್ನೊಂದು ತಿಂಗಳ ಸೂಜಿಯ ತೂತಿನ ಗುರುತನ್ನಾದರೂ ಹಿಡಿದು ಹೊಲಿಯೋಣ, ಅವ್ವನ ದಾರಿಯಲ್ಲೇ ಹೋದಂತಾದೀತು ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹಳೆಯ ಹತ್ತಿಯ ಬಟ್ಟೆ, ತೂತೆಲ್ಲ ಮುಚ್ಚಿಕೊಂಡಿತ್ತು. ಎಷ್ಟು ಹುಡುಕಿದರೂ ಒಂದು ಸಾಲು ಸಿಗಲಿಲ್ಲ. ಕಡೆಗೆ ತನಗೆ ಬಂದಂತೆ ಹೊಲಿಯಲು ಕುಳಿತಳು. ಮೂರು ಮಧ್ಯಾಹ್ನ ಹಿಡಿಯಿತು. ಸಾಲು ಸೊಟ್ಟ, ಟಾಕಿ ಉದ್ದ, ಬೆರಳಿಗೆಲ್ಲ ಸೂಜಿ ಚುಚ್ಚಿಕೊಂಡಳು. ಮಾರು ದಾರ ನೋಡನೋಡುವುದರೊಳಗೆ ಮುಗಿಯುವುದು, ಮತ್ತೆ ಪೋಣಿಸಬೇಕು. ಹಾಗೆ ಪೋಣಿಸುವಾಗ ಒಮ್ಮೆ ಮನಸ್ಸಿಗೆ ಏನೋ ಬಂದಂತಾಗಿ ಕೈ ನಿಂತಿತು. ಅದನ್ನು ಪೂರ್ತಿ ಯೋಚಿಸುವ ಮೊದಲೇ ಎದ್ದು ಅನ್ನಕ್ಕೆ ಇಡಲು ಹೋದಳು.

ರವಿವಾರ ಬ್ಯಾಡಗಿಯ ಸಮುದಾಯ ಭವನ ತುಂಬಿತ್ತು. ಹೊನ್ನವ್ವನ ಫೋಟೋಕ್ಕೆ ಸೇವಂತಿಗೆಯ ಮಾಲೆ, ಅದರ ಮುಂದೆ ಆ ಕೌದಿ. ಜನ ಸಾಲಾಗಿ ಬಂದು ಹೂ ಹಾಕಿ, ಕೌದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಣ್ಣಿಲ್ಲದೆ ಎಂಥ ಹೊಲಿಗೆ ನೋಡಿರಿ ಎಂದು ಹೆಂಗಸರು ಹೇಳಿಕೊಂಡರು. ಖಾರಪ್ಪನೂ ಬಂದಿದ್ದ. ಅವನು ಮಾತಾಡಲು ನಿಂತು ಫೋಟೋಕ್ಕೆ ಕೈಯಷ್ಟೇ ಮುಗಿದು ಇಳಿದುಹೋದ. ಆಮೇಲೆ ಕರಬಸಪ್ಪ ಮಾಸ್ತರರು ಮೈಕಿನಲ್ಲಿ, ಕುರುಡಿ ತಾಯಿಯ ಸೂಜಿಗೆ ದಿನವೂ ದಾರ ಪೋಣಿಸಿ ಕೊಟ್ಟ ಮಗಳು ಈಕೆ, ಇಂಥ ಮಕ್ಕಳು ಮನೆಮನೆಗೆ ಹುಟ್ಟಬೇಕು ಎಂದು ಹೇಳಿ ನಿರ್ಮಲಾಳನ್ನು ಮೇಲೆ ಕರೆದು ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ನಿರ್ಮಲಾಳಿಗೆ ಭೂಮಿ ಬಾಯಿಬಿಡಬಾರದೆ ಅನಿಸಿತು. ಅವ್ವನಿಗೆ ಗೊತ್ತಿರಲಿಲ್ಲ, ಅವ್ವನಿಗೆ ಗೊತ್ತಿರಲಿಲ್ಲ ಎಂದು ಒಳಗೇ ಅನ್ನುತ್ತ ಕೈ ಮುಗಿದು ಇಳಿದಳು.

ಮಂದಿಯೆಲ್ಲ ಊಟಕ್ಕೆ ಎದ್ದು ಹೋದರು. ಅಮೀರಬಿ ಮಾತ್ರ ಹೋಗಲಿಲ್ಲ. ಫೋಟೋದ ಮುಂದೆ ಕುಳಿತು ಕೌದಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ನಿರ್ಮಲಾ ಹತ್ತಿರ ಬಂದಾಗ ತಲೆ ಎತ್ತದೆ, ಇದು ನೀನು ಹೊಲಿದದ್ದು ಎಂದಳು.

ಹಿಡಿದಿಟ್ಟುಕೊಂಡದ್ದೆಲ್ಲ ಆಗ ಕಟ್ಟೆ ಒಡೆಯಿತು. ನಿರ್ಮಲಾ ಕೆಳಗೆ ಕುಳಿತು ಮೊದಲಿನಿಂದ ಎಲ್ಲ ಹೇಳಿದಳು. ಹೂರಣದ ದಿನ, ಖಾಲಿ ಸೂಜಿ, ಅದೇ ಬಟ್ಟೆ ಹೋಗಿ ಬಂದದ್ದು, ಇಲ್ಲದ ಕೂಸುಗಳು, ಯಾವುದನ್ನೂ ಮುಚ್ಚಲಿಲ್ಲ. ಹೇಳಿ ಮುಗಿಸಿ ಅಮೀರಬಿಯ ಎರಡೂ ಕೈ ಹಿಡಿದಳು. ಮೇಘಾಳನ್ನು ಹೆರುವಾಗ ಹಿಡಿದಿದ್ದ ಕೈಗಳೇ ಅವು.

"ಅವ್ವಗ ಕಡೀತನಕ ಗೊತ್ತಾಗಲಿಲ್ಲ ಚಾಚಿ. ಗೊತ್ತಿದ್ದಿಲ್ಲ ಅಂತ ನೀವೊಮ್ಮೆ ಅನ್ರಿ. ಅಷ್ಟ ಸಾಕು ನನಗ."

ಅಮೀರಬಿ ಫೋಟೋದ ಕಡೆ ನೋಡಿದಳು. ಒಂದು ಹ್ಞೂಂ ಅಂದುಬಿಟ್ಟಿದ್ದರೆ ಏನು ಹೋಗುತ್ತಿತ್ತು ಎಂದು ನಮಗೆ ಅನಿಸುತ್ತದೆ. ಆದರೆ ಅವಳು ಐವತ್ತು ವರ್ಷ ಹೊನ್ನವ್ವನ ಜೊತೆ ಒಂದೇ ಗೋಡೆಯ ಆಚೆ ಈಚೆ ಬಾಳಿದವಳು. ಆಕೆಯ ಫೋಟೋದ ಮುಂದೆ ಕುಳಿತು ಸುಳ್ಳು ಆಡಲಾರೆ ಎಂದಳು.

"ಮೊದಲನೇ ದಿನಾನ ಗೊತ್ತಾಗೇತಿ ಆಕಿಗೆ. ಬೆರಳಿಗೆ ತಿಳೀದಿದ್ರೇನಾತು? ಮುಗೀಲಾರದ ದಾರ ಯಾವ ಊರಾಗ ಐತಿ ಹೇಳು."

ಅಮೀರಬಿ ನಿಧಾನವಾಗಿ ಉಳಿದದ್ದನ್ನು ಹೇಳಿದಳು. ಮತ್ತೆ ದಾರ ಕೇಳಿದರೆ ಮಗಳಿಗೆ ನಾಚಿಕೆಯಾದೀತು ಎಂದು ಹೊನ್ನವ್ವ ಕೇಳಲಿಲ್ಲವಂತೆ. ಅಡಿಗೆ, ಮಂದಿ, ಮನೆ, ಮೈತುಂಬ ಕೆಲಸ, ಬೇಸರವಾಗಿದೆ ನನ್ನ ಕೂಸಿಗೆ ಎಂದಳಂತೆ. ನಾನೇ ಸೂಜಿ ದಾರ ತಂದು ಪೋಣಿಸಿ ಇಟ್ಟು ಹೋಗುತ್ತೇನೆ ಎಂದು ಅಮೀರಬಿ ಹೇಳಿದರೆ, ಬೇಡ, ಆಗ ನನಗೆ ಗೊತ್ತಿದೆ ಎಂದು ಮಗಳಿಗೆ ಗೊತ್ತಾಗುತ್ತದೆ ಎಂದು ತಡೆದಳಂತೆ. ತಾನು ಇರುವವರೆಗೆ ಬಾಯಿಬಿಡಬಾರದೆಂದು ಮಾತು ತೆಗೆದುಕೊಂಡಿದ್ದಳಂತೆ. ಅದೇ ಬಟ್ಟೆ ತಿರುಗಿ ತಿರುಗಿ ತೊಡೆಯ ಮೇಲೆ ಬರುವುದೂ ಅವಳಿಗೆ ತಿಳಿದಿತ್ತು, ವಾಸನೆಯಿಂದ.

ಸುಳ್ಳು ಅಂತ ಗೊತ್ತಿದ್ದರೂ ಆ ಕೂಸುಗಳ ಸುದ್ದಿ ಅವ್ವ ಯಾಕೆ ಕೇಳುತ್ತಿದ್ದಳು ಎಂದಳು ನಿರ್ಮಲಾ. ಪ್ರತಿಯೊಂದನ್ನೂ ಗಂಡೋ ಹೆಣ್ಣೋ ಎಂದು ಯಾಕೆ ಕೇಳಬೇಕಿತ್ತು?

"ನಾನೂ ಅದನ್ನ ಕೇಳಿದೆ," ಎಂದಳು ಅಮೀರಬಿ. "'ಆ ನೆವಕ್ಕರ ಹತ್ತು ನಿಮಿಷ ನನ್ನ ಬಾಜೂಕ ಕುಂದರತಾಳಬೇ. ಕೂಸು ಹುಟ್ಟಲಿಲ್ಲಂದ್ರ ತಾಟು ಇಟ್ಟು ಹೋಗಿಬಿಡತಾಳ' ಅಂದಳು."

ಮೂವತ್ತೊಂದು ಕೂಸು. ಕೂಸಿಗೆ ಹತ್ತು ನಿಮಿಷ. ಎಲ್ಲ ಕೂಡಿಸಿದರೆ ಐದು ತಾಸಿನ ಮೇಲೆ ಹತ್ತು ನಿಮಿಷ. ಒಂದೇ ಸೂರಿನ ಕೆಳಗೆ ಹನ್ನೊಂದು ತಿಂಗಳಲ್ಲಿ ಹೊನ್ನವ್ವನಿಗೆ ಮಗಳು ಸಿಕ್ಕದ್ದು ಅಷ್ಟು. ಊಟದ ಪಂಕ್ತಿ ಏಳುತ್ತದೆ, ಲಗೂ ಬಾ ಎಂದು ಸಿದ್ದಲಿಂಗಪ್ಪ ಬಾಗಿಲಿನಿಂದ ಕರೆದ. ನಿರ್ಮಲಾ ಆಗಲಿ ಎಂದಳು, ಆದರೆ ಏಳಲಿಲ್ಲ.